ಗ್ರೆಗರಿಯ ಲೆಕ್ಕವನ್ನು ನಾನೇ ಕೂತು ಮಾಡಿ ನೋಡಿದಾಗ

ಬರೀ ಕೈವಾರ, ಅಳತೆ ಗುರುತಿಲ್ಲದ ಪಟ್ಟಿ ಹಿಡಿದು ಕೋನವನ್ನು ಮೂರು ಸಮಭಾಗ ಮಾಡಲು ಆಗುವುದಿಲ್ಲ ಅಂತ ಹತ್ತನೇ ಕ್ಲಾಸಿಗೆ ಹೇಳಿದ್ದೆ. ಮರುದಿನ ಒಬ್ಬ ಹುಡುಗಿ 90 ಡಿಗ್ರಿಯನ್ನು ನೀಟಾಗಿ ಮೂರು ಭಾಗ ಮಾಡಿ ತಂದಳು. ಸರಿಯಾಗಿಯೇ ಇತ್ತು. 60 ಡಿಗ್ರಿಗೆ ಆಗಲ್ಲಮ್ಮ ಅಂದೆ. "ಇನ್ನೂ ಯಾರಿಗೂ ಸಿಕ್ಕಿಲ್ಲ ಅಷ್ಟೇ ಇರಬಹುದಲ್ವಾ ಸರ್?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

'ಆಗುವುದಿಲ್ಲ' ಅನ್ನುವುದನ್ನೇ ಸಾಧಿಸಲು ಹೊರಟ ಹಳಬರನ್ನು ಹುಡುಕುತ್ತಾ ಹೋದೆ. ಸಿಕ್ಕಿದ್ದು ಸ್ಕಾಟ್ಲೆಂಡಿನ ಗಣಿತಜ್ಞ ಜೇಮ್ಸ್ ಗ್ರೆಗರಿ. 1667ರಲ್ಲಿ ಇಟಲಿಯ ಪಡುವಾದಲ್ಲಿ ಅಚ್ಚಾದ ಪುಸ್ತಕದಲ್ಲಿ ಅವರು ಹೇಳುವುದು ಇಷ್ಟು: ಕೂಡಿ, ಕಳೆದು, ಗುಣಿಸಿ, ಭಾಗಿಸಿ, ಮೂಲ ತೆಗೆದು ಎಷ್ಟೇ ಮಾಡಿದರೂ ವೃತ್ತದ ತ್ರಿಜ್ಯಾಂತರ ಖಂಡದ (ಎರಡು ತ್ರಿಜ್ಯಗಳ ನಡುವಿನ ಹೋಳಿನ) ವಿಸ್ತೀರ್ಣ ಕರಾರುವಾಕ್ಕಾಗಿ ಸಿಗುವುದಿಲ್ಲ.

ಮೊದಲು ಅಂಕಿ ಹಾಕಿ ನೋಡಿದೆ. ತ್ರಿಜ್ಯ 1. ವೃತ್ತದ ಒಳಗಿನ ಚೌಕದ ವಿಸ್ತೀರ್ಣ 2, ಹೊರಗಿನದರದು 4. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಒಳಗಿನ ಎಂಟು ಬಾಹುಗಳ ಆಕೃತಿ, 2.828. ಹೊರಗಿನ ಹಳೆಯದನ್ನೂ ಒಳಗಿನ ಹೊಸದನ್ನೂ ಗುಣಿಸಿ, ದುಪ್ಪಟ್ಟು ಮಾಡಿ, ಅವೆರಡರ ಮೊತ್ತದಿಂದ ಭಾಗಿಸಿದರೆ ಹೊರಗಿನ ಹೊಸದು, 3.314. ಮುಂದಿನ ಜೋಡಿ 3.061, 3.183. ಆಮೇಲೆ 3.121, 3.152. ಪೈ ನಡುವೆ ಸಿಕ್ಕಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ.

ಈಗ ಅಂಕಿ ಬಿಟ್ಟು ಅಕ್ಷರ. ಖಂಡದ ಒಳಗಿನ ಆಕೃತಿ ಅ²(ಅ+ಬ), ಹೊರಗಿನದು ಬ²(ಅ+ಬ) ಅಂತ ಗ್ರೆಗರಿ ಇಟ್ಟುಕೊಳ್ಳುತ್ತಾರೆ. ಎಷ್ಟು ಚೆಂದದ ಉಪಾಯ! ವರ್ಗಮೂಲವೇ ಮಾಯ. ಮುಂದಿನ ಜೋಡಿ ಅಬ(ಅ+ಬ) ಮತ್ತು 2ಅಬ². ಖಂಡ ಒಂದೇ ತಾನೇ, ಹಾಗಾಗಿ ಮೊದಲ ಜೋಡಿಯಿಂದ ವಿಸ್ತೀರ್ಣ ಕೊಡುವ ಸೂತ್ರ ಅಂತ ಒಂದಿದ್ದರೆ ಅದೇ ಸೂತ್ರ ಎರಡನೇ ಜೋಡಿಗೂ ಅದೇ ಉತ್ತರ ಕೊಡಬೇಕು. ಆದರೆ ಮೊದಲ ಜೋಡಿಯಲ್ಲಿ ಅ ಮೂರನೇ ಘಾತಕ್ಕೆ ಏರುತ್ತದೆ, ಎರಡನೆಯದರಲ್ಲಿ ಎರಡಕ್ಕೇ ನಿಲ್ಲುತ್ತದೆ. ಉತ್ತರ ಒಂದೇ ಆಗುವುದು ಹೇಗೆ?

ಇಲ್ಲಿ ನಾನು ನಾಲ್ಕು ದಿನ ನಿಂತೆ. ಕಳೆಯುವಾಗ, ಭಾಗಿಸುವಾಗ ದೊಡ್ಡ ಘಾತಗಳು ಹೊಡೆದುಹೋಗಬಹುದಲ್ಲ ಅನ್ನಿಸುತ್ತಿತ್ತು. ಆಮೇಲೆ 1668ರಲ್ಲಿ ಡಚ್ ಗಣಿತಜ್ಞ ಹೈಗನ್ಸ್ ಎತ್ತಿದ ಆಕ್ಷೇಪ ಓದಿದೆ. ಎಲ್ಲ ಖಂಡಗಳಿಗೂ ಒಂದೇ ಸೂತ್ರ ಇಲ್ಲ ಅಂತಲೇ ಇಟ್ಟುಕೊಳ್ಳೋಣ, ಇಡೀ ವೃತ್ತ ಅನ್ನುವ ಒಂದು ನಿರ್ದಿಷ್ಟ ಸಂಗತಿಗೆ ಉತ್ತರ ಯಾಕೆ ಇರಬಾರದು?

ಆ ಹುಡುಗಿ ತಂದಿದ್ದೂ ಇದನ್ನೇ! ಎಲ್ಲ ಕೋನಕ್ಕೂ ನಡೆಯುವ ವಿಧಾನ ಇಲ್ಲ, ಆದರೂ 90 ಡಿಗ್ರಿಗೆ ಆಗುತ್ತದೆ. 'ಎಲ್ಲದಕ್ಕೂ ಒಂದೇ ದಾರಿ ಇಲ್ಲ' ಅನ್ನುವುದು ಬೇರೆ, 'ಇದಕ್ಕೆ ದಾರಿಯೇ ಇಲ್ಲ' ಅನ್ನುವುದು ಬೇರೆ. ಇಡೀ ವೃತ್ತಕ್ಕೂ ಆಗುವುದಿಲ್ಲ ಅಂತ ತೀರ್ಮಾನವಾಗಲು 1882ರಲ್ಲಿ ಜರ್ಮನಿಯ ಗಣಿತಜ್ಞ ಲಿಂಡೆಮನ್ ಬರಬೇಕಾಯಿತು. ಕೋನದ ಮಾತನ್ನು ಅದಕ್ಕೂ ಮೊದಲೇ, 1837ರಲ್ಲಿ, ಫ್ರಾನ್ಸಿನ ಗಣಿತಜ್ಞ ವಾಂಟ್ಜೆಲ್ ಮುಗಿಸಿದ್ದರು.

ಮರುವಾರ 8ಯ³ − 6ಯ − 1 = 0 ಅಂತ ಬೋರ್ಡಿನ ಮೇಲೆ ಬರೆದೆ. 60ರ ಮೂರನೇ ಒಂದು ಭಾಗವಾದ 20 ಡಿಗ್ರಿಯ ಕೊಸೈನ್ ಇದರ ಒಂದು ಮೂಲ. ಭಿನ್ನರಾಶಿಯ ಮೂಲ ಏನಾದರೂ ಇದ್ದರೆ ಅದು 1, 1/2, 1/4, 1/8, ಇಲ್ಲವೇ ಇವುಗಳ ಋಣ ರೂಪ ಆಗಿರಬೇಕು. ಎಂಟನ್ನೂ ಅವಳೇ ಬಂದು ಹಾಕಿ ನೋಡಿದಳು. ಒಂದೂ ಸೊನ್ನೆ ಕೊಡಲಿಲ್ಲ. ಭಿನ್ನರಾಶಿಯ ಮೂಲ ಇಲ್ಲದ ಇಂಥ ಘನ ಸಮೀಕರಣದ ಮೂಲ ಬರೀ ವರ್ಗಮೂಲಗಳಿಂದ ಸಿಗುವುದಿಲ್ಲ. ಇನ್ನು ಕೈವಾರ, ಪಟ್ಟಿಯಿಂದ ವರ್ಗಮೂಲದ ಆಚೆಗೆ ಯಾಕೆ ಹೋಗಲಾಗದು ಅನ್ನುವ ಮೆಟ್ಟಿಲು ಬಾಕಿ ಇದೆ. ಅದನ್ನು ಶನಿವಾರಕ್ಕೆ ಇಟ್ಟುಕೊಂಡಿದ್ದೇವೆ.