ಹ್ಯಾಂಗ್ ಆದ ಪ್ರೋಗ್ರಾಮಿಗೆ ಜಿಡಿಬಿ ಅಟ್ಯಾಚ್ ಆಗ್ತಿರ್ಲಿಲ್ಲ, ಸರಿ ಮಾಡಿದ್ದು ಹೀಗೆ (ನನ್ನ ಅನುಭವ)
ಮಂಗಳೂರು ಧಕ್ಕೆಯ ಮೀನಿನ ಏಲಂ ಲೆಕ್ಕಕ್ಕೆ ಒಂದು ಸಿ ಪ್ರೋಗ್ರಾಂ ಉಂಟು, ಬೆಳಿಗ್ಗೆ ರಶ್ ಟೈಮಲ್ಲೇ ಹ್ಯಾಂಗ್ ಆಗ್ತಿತ್ತು. ರೀಸ್ಟಾರ್ಟ್ ಮಾಡಿದ್ರೆ ಎವಿಡೆನ್ಸ್ ಹೋಯ್ತಲ್ಲ ಮಾರಾಯ್ರೆ, ಹಾಗಾಗಿ ಓಡ್ತಿರುವಾಗ್ಲೇ ಜಿಡಿಬಿ (ಪ್ರೋಗ್ರಾಮಿನ ಒಳಗೆ ಏನಾಗ್ತಿದೆ ಅಂತ ತೋರಿಸೋ ಡಿಬಗ್ಗರ್) ಹಾಕ್ಲಿಕ್ಕೆ ನೋಡಿದೆ, ಅದು 'ಆಪರೇಶನ್ ನಾಟ್ ಪರ್ಮಿಟೆಡ್' ಅಂತು, ಎರಡನ್ನೂ ಓಡಿಸಿದ್ದು ಒಂದೇ ಯೂಸರ್ ಹೆಸರಲ್ಲಿ ಆದ್ರೂ ಬಿಡ್ಲಿಲ್ಲ.

ಜಿಡಿಬಿ ಸ್ವಂತ ಶಕ್ತಿಯಿಂದ ಏನೂ ಮಾಡೋದಿಲ್ಲ, ಇನ್ನೊಂದು ಪ್ರೋಸೆಸ್ಸನ್ನು ನಿಲ್ಲಿಸ್ಲಿಕ್ಕೆ, ಅದರ ಮೆಮೊರಿ, ರಿಜಿಸ್ಟರ್ ಓದ್ಲಿಕ್ಕೆ ಎಲ್ಲ ಕರ್ನಲ್‌ನ (ಲಿನಕ್ಸ್‌ನ ತಿರುಳು) ಪಿಟ್ರೇಸ್ ಸಿಸ್ಟಮ್ ಕಾಲ್ ಬೇಕು, ಅಂದ್ರೆ ಕರ್ನಲ್ ಹತ್ರ ಕೇಳಿ ಮಾಡಿಸ್ಕೊಳ್ಳೋ ಕೆಲಸ. ಅದಕ್ಕೆ ಕಾವಲು ಯಾಮಾ ಅನ್ನೋ ಸೆಕ್ಯೂರಿಟಿ ಮಾಡ್ಯೂಲ್, 2012ರಲ್ಲಿ ಲಿನಕ್ಸ್ 3.4ಕ್ಕೆ ಬಂದದ್ದು. ಪ್ರೋಕ್ (ಕರ್ನಲ್ ಮಾಹಿತಿ ತೋರಿಸೋ ಫೋಲ್ಡರ್) ಒಳಗೆ ಅದರ ಪಿಟ್ರೇಸ್_ಸ್ಕೋಪ್ ಫೈಲ್ ನೋಡಿದ್ರೆ 1 ಇತ್ತು, ಅಂದ್ರೆ ಅಡ್ಮಿನ್ ಅಲ್ಲದಿದ್ರೆ, ಸಾಮಾನ್ಯವಾಗಿ ಡಿಬಗ್ಗರ್ ತಾನೇ ಶುರು ಮಾಡಿದ ಪ್ರೋಸೆಸ್ಸಿಗೆ ಮಾತ್ರ ಅಟ್ಯಾಚ್ ಆಗ್ಬಹುದು. 0 ಅಂದ್ರೆ ಹಳೇ ರೂಲು (ಒಂದೇ ಯೂಸರ್ ಆದ್ರೆ ಸಾಕು), 2 ಅಂದ್ರೆ ಅಡ್ಮಿನ್ ಮಾತ್ರ, 3 ಹಾಕಿದ್ರೆ ಯಾರಿಗೂ ಇಲ್ಲ, ರೀಬೂಟ್ ತನಕ ಬದಲಾಯಿಸ್ಲಿಕ್ಕೂ ಆಗೋದಿಲ್ಲ.

ಎಲ್ರೂ 0 ಮಾಡಿ ಬಿಡಿ ಅಂತಾರೆ, ದಯವಿಟ್ಟು ಹಾಗೆ ಬಿಡ್ಬೇಡಿ, ನಿಮ್ಮ ಹೆಸರಲ್ಲಿ ಓಡೋ ಯಾವ ಹಾಳು ಪ್ರೋಗ್ರಾಮೂ ಬ್ರೌಸರ್ ಮೆಮೊರಿ ಓದ್ಬಹುದು. ಆ ಒಂದು ಸಲಕ್ಕೆ ಸುಡೋ (ಅಡ್ಮಿನ್ ಅಧಿಕಾರ ಕೊಡೋ ಕಮಾಂಡ್) ಹಾಕಿ ಜಿಡಿಬಿ ಓಡಿಸಿದೆ, ಸಾಕಾಯ್ತು. ಸುಡೋ ಇದ್ರೂ ಆಗ್ಲಿಲ್ಲ ಅಂದ್ರೆ ಪ್ರೋಕ್ ಒಳಗೆ ಆ ಪ್ರೋಸೆಸ್ಸಿನ ಸ್ಟೇಟಸ್ ಫೈಲಲ್ಲಿ ಟ್ರೇಸರ್‌ಪಿಡ್ (ಹಿಡ್ಕೊಂಡಿರೋ ಪ್ರೋಸೆಸ್ಸಿನ ನಂಬರು) ನೋಡಿ, ಸೊನ್ನೆ ಅಲ್ಲದಿದ್ರೆ ಎಸ್‌ಟ್ರೇಸ್‌ನಂಥ ಬೇರೆ ಟೂಲ್ ಏನಾದ್ರೂ ಮೊದ್ಲೇ ಹಿಡ್ಕೊಂಡಿದೆ, ಒಂದು ಸಲಕ್ಕೆ ಒಬ್ನೇ ಟ್ರೇಸರ್.

ಆಮೇಲೆ ಜಿಡಿಬಿಯಲ್ಲಿ ಎಲ್ಲಾ ಥ್ರೆಡ್‌ಗಳ (ಪ್ರೋಗ್ರಾಮಿನೊಳಗೆ ಒಟ್ಟಿಗೆ ಓಡೋ ಕೆಲಸಗಳು) ಬ್ಯಾಕ್‌ಟ್ರೇಸ್, ಅಂದ್ರೆ ಯಾವುದು ಎಲ್ಲಿ ನಿಂತಿದೆ ಅನ್ನೋ ಪಟ್ಟಿ ತೆಗ್ದೆ, ಎರಡು ಥ್ರೆಡ್ ಒಂದಕ್ಕೊಂದರ ಲಾಕಿಗೆ ಕಾಯ್ತಾ ನಿಂತಿದ್ವು. ಎರಡೂ ಕಡೆ ಲಾಕ್ ಹಿಡಿಯೋ ಆರ್ಡರ್ ಒಂದೇ ಮಾಡಿದೆ, ಈಗ ಏಲಂ ಟೈಮಲ್ಲೂ ಸಲೀಸಾಗಿ ಓಡ್ತಾ ಉಂಟು.