ಚೀನಾ ಮಷೀನಿಗೆ ಬೆಳಗಾವಿಯಲ್ಲಿ ಏಜೆಂಟ್ ಆಗುವ ಮುಂಚೆ

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಯಾವುದೇ ಮಷೀನ್ ಶಾಪಿಗೆ ಹೋಗಿ ಚೀನಾ ಲೇಥ್ ಮಾತು ತೆಗೆಯಿರಿ. ರೇಟಿನ ಬಗ್ಗೆ ಯಾರದೂ ತಕರಾರು ಇರುವುದಿಲ್ಲ. ಮಾಲೀಕ ಕೇಳುವುದು ಒಂದೇ: "ನಾಳೆ ನಿಂತ್ರ ಯಾರ ಬರ್ತಾರ್ರೀ?"

ಹನ್ನೆರಡು ವರ್ಷದಿಂದ ಝೆಜಿಯಾಂಗ್ ಪ್ರಾಂತದ ಒಂದು ಕಂಪನಿಯ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಷೀನುಗಳನ್ನು ತರಿಸಿ ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರದಲ್ಲಿ ಕೂಡಿಸಿಕೊಡುತ್ತಿದ್ದೇನೆ. 2020ರ ಜನವರಿಯಲ್ಲಿ ಅವರ ಸರ್ವೀಸ್ ಎಂಜಿನಿಯರ್ ಹೊಸವರ್ಷದ ಹಬ್ಬಕ್ಕೆಂದು ಊರಿಗೆ ಹೊರಟ. ಹಬ್ಬ 25ಕ್ಕೆ ಇತ್ತು. ತಾಯಿಗೆ ಅಂತ ಎರಡು ಡಬ್ಬಿ ಕುಂದಾ ಕಟ್ಟಿಸಿಕೊಂಡು, ಹದಿನೈದು ದಿನಕ್ಕೆ ವಾಪಸ್ ಬರ್ತೀನಿ ಅಂದ. ಕೋವಿಡ್ ಬಂತು, ಜೂನ್‌ನಲ್ಲಿ ಗಲ್ವಾನ್ ಆಯಿತು, ವೀಸಾ ನಿಂತವು. ನೇರ ವಿಮಾನ ಮತ್ತೆ ಹಾರಿದ್ದು 2025ರ ಅಕ್ಟೋಬರ್‌ನಲ್ಲಿ. ವಾರಂಟಿಯೊಳಗಿನ ಏಳು ಮಷೀನು ನನ್ನ ಕೊರಳಿಗೆ ಬಿದ್ದವು. ಚೀನಾ ಕಂಪನಿಗಳಿಗೆ ಇಲ್ಲಿರುವ ದೊಡ್ಡ ತೊಡಕು ಆವತ್ತು ನನಗೆ ಅರ್ಥವಾಯಿತು: ಮಾಲು ಬಂದು ಮುಟ್ಟುತ್ತದೆ, ಮನುಷ್ಯ ಬಂದು ಮುಟ್ಟುವುದಿಲ್ಲ. ಆ ಮನುಷ್ಯನ ಜಾಗದಲ್ಲಿ ನೀವು ನಿಲ್ಲಬೇಕು. ಅದಕ್ಕೆ ತಯಾರಿಲ್ಲದಿದ್ದರೆ ಕಮಿಷನ್ ಎಷ್ಟೇ ಚೆನ್ನಾಗಿದ್ದರೂ ಏಜೆನ್ಸಿ ತಗೋಬೇಡಿ.

ಒಪ್ಪಂದದಿಂದ ಶುರುಮಾಡಿ. ಎದುರಿಗಿರುವವರು ತಯಾರಕರೋ ಬರೀ ವ್ಯಾಪಾರಿಗಳೋ ಎಂದು ಮೊದಲು ನೋಡಿ. ಚೀನಾದ ಪ್ರತಿ ಕಂಪನಿಗೂ 18 ಅಂಕಿ-ಅಕ್ಷರಗಳ ನೋಂದಣಿ ಸಂಖ್ಯೆ ಇರುತ್ತದೆ. ಲೈಸೆನ್ಸ್ ಪ್ರತಿ ತರಿಸಿಕೊಂಡು, ಒಪ್ಪಂದದ ಹೆಸರು, ಬ್ಯಾಂಕ್ ಖಾತೆಯ ಹೆಸರು, ಲೈಸೆನ್ಸಿನ ಹೆಸರು ಮೂರೂ ಒಂದೇ ಇವೆಯೇ ತಾಳೆ ಹಾಕಿ. ಅಲ್ಲಿ ಸಹಿಗಿಂತ ಕೆಂಪು ಗುಂಡು ಮೊಹರಿಗೆ ತೂಕ ಜಾಸ್ತಿ. ಮೊಹರಿಲ್ಲದ ಕಾಗದಕ್ಕೆ ಅಡ್ವಾನ್ಸ್ ಕಳಿಸಬೇಡಿ. ನಿಮ್ಮ ಜೊತೆ ಮಾತಾಡುವುದು ಎಕ್ಸ್‌ಪೋರ್ಟ್ ವಿಭಾಗದ ಹುಡುಗಿ. ಮಾತು ಮೃದು, ಉತ್ತರ ಚುರುಕು. ಆದರೆ ಅವಳು ಕೆಲಸ ಬಿಟ್ಟ ದಿನ ಅವಳು ಕೊಟ್ಟ ಮಾತೂ ಅವಳ ಜೊತೆಗೇ ಹೋಗುತ್ತದೆ. ಸರ್ವೀಸ್ ವಿಭಾಗದವರು ಬೇರೆ, ಅವರಿಗೆ ನಿಮ್ಮ ಹೆಸರೂ ಗೊತ್ತಿರುವುದಿಲ್ಲ. ಹಾಗಾಗಿ ಸರ್ವೀಸ್ ಮುಖ್ಯಸ್ಥನ ಹೆಸರು, ಇಮೇಲ್, ಎಷ್ಟು ಗಂಟೆಯೊಳಗೆ ಉತ್ತರ ಕೊಡಬೇಕು ಎಂಬುದು ಒಪ್ಪಂದದಲ್ಲೇ ಬರಲಿ. ಮಷೀನಿನ ಜೊತೆ ಕಂಟೇನರಿನಲ್ಲೇ ಒಂದು ಬಿಡಿಭಾಗದ ಪೆಟ್ಟಿಗೆ ಬರಲಿ: ಒಂದು ಡ್ರೈವ್ (ಮೋಟಾರಿಗೆ ಕರೆಂಟ್ ಹದ ಮಾಡಿ ಕೊಡುವ ಘಟಕ), ಎನ್‌ಕೋಡರ್ ಕೇಬಲ್, ಪ್ರಾಕ್ಸಿಮಿಟಿ ಸೆನ್ಸರ್, ಲ್ಯೂಬ್ ಪಂಪ್. ಆಮೇಲೆ ತರಿಸಿದರೆ ಕಸ್ಟಮ್ಸಿನಲ್ಲೇ ವಾರ ಕಳೆಯುತ್ತದೆ. ಮಷೀನಿನ ಮಿದುಳಾದ ಕಂಟ್ರೋಲರ್ ಫಾನುಕ್ ಅಥವಾ ಸೀಮೆನ್ಸ್ ಕಂಪನಿಯದೇ ಇರಲಿ ಎಂದು ನಾನು ಹಟ ಹಿಡಿಯುತ್ತೇನೆ. ಅವರು ಅಗ್ಗದ್ದು ತೋರಿಸುತ್ತಾರೆ, ಒಪ್ಪಬೇಡಿ. ಇವು ಕೆಟ್ಟರೆ ಬೆಂಗಳೂರಿನಿಂದಲೋ ಪುಣೆಯಿಂದಲೋ ಬರುವ ಎಂಜಿನಿಯರ್‌ಗೆ ಚೀನಾ ವೀಸಾದ ಹಂಗಿಲ್ಲ.

ಈಗ ಕರೆಂಟ್. ಇಲ್ಲೇ ನಾನು ಅತಿ ಹೆಚ್ಚು ಪೆಟ್ಟು ತಿಂದದ್ದು. ಅಲ್ಲಿಯ ತ್ರೀ ಫೇಸ್ 380 ವೋಲ್ಟ್, ನಮ್ಮದು 415. ಕಾಗದದ ಮೇಲೆ ಅಂತರ ಸಣ್ಣದು. ಬೆಳಗಾವಿ ಹತ್ತಿರದ ಮಚ್ಛೆಯ ಒಂದು ಶಾಪಿನಲ್ಲಿ ಮಷೀನು ಹಗಲೆಲ್ಲ ಚೆನ್ನಾಗಿ ಓಡಿ ರಾತ್ರಿ ಹನ್ನೊಂದಕ್ಕೆ ಓವರ್‌ವೋಲ್ಟೇಜ್ ಅಲಾರಂ ಕೊಟ್ಟು ನಿಲ್ಲುತ್ತಿತ್ತು. ಡ್ರೈವ್ ಕೆಟ್ಟಿದೆ ಅಂತ ನಾವು, ಡ್ರೈವ್ ಸರಿ ಇದೆ ಅಂತ ಅವರು. ಹದಿನಾಲ್ಕು ದಿನ ಇಮೇಲ್‌ನಲ್ಲೇ ಜಗಳ. ಕೊನೆಗೆ ಒಂದು ರಾತ್ರಿ ಮಲ್ಟಿಮೀಟರ್ ಹಿಡಿದು ಪ್ಯಾನಲ್ ಮುಂದೆ ಕೂತೆ. ಸುತ್ತಲಿನ ಶಾಪುಗಳು ಬಂದಾದ ಹಾಗೆ ಮುಳ್ಳು ಏರುತ್ತ ಹೋಗಿ 438ಕ್ಕೆ ನಿಂತಿತು. ತಪ್ಪು ಅವರದೂ ಅಲ್ಲ, ಗಿರಾಕಿಯದೂ ಅಲ್ಲ. ಮೂರು ರಾತ್ರಿಯ ವೋಲ್ಟೇಜ್ ಬರೆದು ಕಳಿಸಿದೆ. ಅಂದಿನಿಂದ ಪ್ರತಿ ಮಷೀನಿನ ಜೊತೆ 415ರಿಂದ 380ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿಯೇ ಕಳಿಸುತ್ತಿದ್ದಾರೆ. ನೀವು ಆರ್ಡರ್ ಕೊಡುವ ಮುಂಚೆಯೇ ಗಿರಾಕಿಯ ಶಾಪಿನಲ್ಲಿ ಹಗಲು ಒಮ್ಮೆ, ರಾತ್ರಿ ಒಮ್ಮೆ ಅಳೆಯಿರಿ. ವೋಲ್ಟೇಜ್ ಏರುಪೇರಾಗದಂತೆ ಹಿಡಿದಿಡುವ ಸರ್ವೋ ಸ್ಟೆಬಿಲೈಸರ್ ಬೇಕೇ ಎಂಬುದೂ ಆಗಲೇ ಗೊತ್ತಾಗುತ್ತದೆ.

ಮಾತುಕತೆಯ ರೀತಿ ಬೇರೆ ಇದೆ. "ಮೇ ವೆನ್‌ತಿ" ಅಂದರೆ ತೊಂದರೆ ಇಲ್ಲ ಎಂದು ಅರ್ಥ. ಆದರೆ ಅದು ಎಷ್ಟೋ ಸಲ "ನೋಡೋಣ" ಅಷ್ಟೇ ಆಗಿರುತ್ತದೆ. "ಆಗುತ್ತಾ?" ಎಂದು ಕೇಳಬೇಡಿ, "ಯಾವತ್ತು, ಯಾರು, ಫೋಟೊ ಕಳಿಸಿ" ಎಂದು ಕೇಳಿ. ಮೈಕ್ರೋಮೀಟರ್ ಹಿಡಿದ ಫೋಟೊ ಬಂದರೆ ನಂಬಿ. ಮೇಲಧಿಕಾರಿ ಇರುವ ಗುಂಪಿನಲ್ಲಿ ಅವರ ಎಂಜಿನಿಯರನ್ನು ಬೈಯಬೇಡಿ. ಒಮ್ಮೆ ಮುಖ ಕೆಟ್ಟರೆ ಆ ಮನುಷ್ಯ ಮತ್ತೆ ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ, ನಮ್ಮವರೂ ಹಾಗೇ ಅಲ್ಲವೇ? ಅವರ ಮೆಸೇಜ್ ಆ್ಯಪ್ ವೀಚಾಟ್ ಇಲ್ಲಿ 2020ರ ಜೂನ್ 29ರಿಂದ ನಿಷೇಧ, ಅಲ್ಲಿ ವಾಟ್ಸಾಪ್ ತೆರೆಯುವುದಿಲ್ಲ. ಎಲ್ಲವೂ ಇಮೇಲ್‌ನಲ್ಲಿ ನಡೆಯಲಿ. ಅವರು ನಮಗಿಂತ ಎರಡೂವರೆ ಗಂಟೆ ಮುಂದೆ. ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿದರೆ ಊಟಕ್ಕೆ ಹೋಗಿರುತ್ತಾರೆ. ಎಂಟಕ್ಕೆ ಮಾಡಿ.

ಹಬ್ಬದ ಲೆಕ್ಕ ಗೋಡೆಗೆ ಬರೆದಿಡಿ. 2027ರ ಹೊಸವರ್ಷ ಫೆಬ್ರವರಿ 6ಕ್ಕೆ. ಆಜುಬಾಜು ಎರಡು ಮೂರು ವಾರ ಕಾರ್ಖಾನೆ ಖಾಲಿ. ಅಕ್ಟೋಬರ್ ಮೊದಲ ವಾರವೂ ರಜೆ. ದಸರಾಕ್ಕೆ ಮಷೀನು ಪೂಜೆಗೆ ಬೇಕು ಅನ್ನುವ ಗಿರಾಕಿಗೆ ಮೇ ತಿಂಗಳಲ್ಲೇ ಆರ್ಡರ್ ಹಾಕಿಸಿ.

ಕಾನೂನಿನಲ್ಲಿ ಜನ ಎರಡು ವಿಷಯ ಬೆರೆಸುತ್ತಾರೆ. ಮಷೀನ್ ಆಮದು ಬೇರೆ, ಚೀನಾದ ಹಣ ನಿಮ್ಮ ಕಂಪನಿಗೆ ಬರುವುದು ಬೇರೆ. 2020ರ ಏಪ್ರಿಲ್‌ನ ಪ್ರೆಸ್ ನೋಟ್ 3 ಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಕೇಂದ್ರದ ಅನುಮತಿ ಬೇಕು ಎಂದಿತು. ನಮ್ಮ ಹೆದ್ದಾರಿಯಲ್ಲೇ ಪುಣೆ ದಾಟಿದರೆ ಸಿಗುವ ತಳೇಗಾಂವದ ಜನರಲ್ ಮೋಟಾರ್ಸ್ ಘಟಕ ಕೊಳ್ಳಲು ಬಂದ ಗ್ರೇಟ್ ವಾಲ್ ಕಂಪನಿ ಅನುಮತಿ ಸಿಗದೆ 2022ರಲ್ಲಿ ಕೈಬಿಟ್ಟಿತು. ಆ ಘಟಕ ಆಮೇಲೆ ಹ್ಯುಂಡೈ ಪಾಲಾಯಿತು. ನಿಮ್ಮ ಶಾಪಿನಲ್ಲಿ ಹಣ ಹಾಕಿ ಪಾಲುದಾರರಾಗ್ತೀವಿ ಅಂತ ಚೀನಾದವರು ಅಂದರೆ, ಹೌದು ಅನ್ನುವ ಮೊದಲು ಸಿಎ ಹತ್ತಿರ ಹೋಗಿ ಈಗಿನ ನಿಯಮ ಕೇಳಿ. ಸರಕಾರಿ ಟೆಂಡರಿಗೂ ಗಡಿ ದೇಶದ ಬಿಡ್ಡರ್‌ಗಳಿಗೆ 2020ರ ಜುಲೈನಲ್ಲಿ ನೋಂದಣಿ ಕಡ್ಡಾಯ ಮಾಡಿದರು, ಅದರ ಈಗಿನ ನಿಯಮವನ್ನೂ ಕೇಳಿ.

ಅವರ ಎಂಜಿನಿಯರ್ ಬರುವುದಾದರೆ ಟೂರಿಸ್ಟ್ ವೀಸಾದಲ್ಲಿ ಕರೆಸಬೇಡಿ, ಎಷ್ಟೇ ಅವಸರ ಇದ್ದರೂ. ವಿದೇಶಿಯರು ಬಂದು ತಂಗಿದರೆ ಹೋಟೆಲಿನವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸರಕಾರಕ್ಕೆ ಮಾಹಿತಿ ಕೊಡಬೇಕು. ಕೊಟ್ಟಿದ್ದಾರೆಯೇ ಎಂದು ನೀವೇ ಕೇಳಿ. ಅವರಿಗೆ ಕುಡಿಯಲು ಬಿಸಿನೀರು ಬೇಕು, ಒಂದು ಫ್ಲಾಸ್ಕ್ ಮಷೀನಿನ ಪಕ್ಕ ಇಡಿ. ಅವರನ್ನು ಮಾಲೀಕನ ಕ್ಯಾಬಿನ್ನಿನಲ್ಲಿ ಕೂರಿಸಬೇಡಿ, ಆಪರೇಟರ್ ಜೊತೆ ನಿಲ್ಲಿಸಿ. ಒಂದೊಂದೇ ಅಲಾರಂ ಎಬ್ಬಿಸಿ ತೋರಿಸಲಿ, ನೀವು ಬರೆದುಕೊಳ್ಳಿ: ನಂಬರ್, ಕಾರಣ, ಮೊದಲು ಏನು ನೋಡಬೇಕು. "ಎಣ್ಣೆ ಒತ್ತಡ ಕಡಿಮೆ, ಲ್ಯೂಬ್ ಟ್ಯಾಂಕ್ ನೋಡು" ಅಂತ ಕನ್ನಡದಲ್ಲಿ ಒಂದು ಸಾಲು, ಕೆಳಗೆ ಮರಾಠಿಯಲ್ಲಿ ಒಂದು ಸಾಲು. ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ, ಕೂಲಂಟ್ ಸಿಡಿಯದ ಕಡೆ, ರಾತ್ರಿ ಪಾಳಿಯ ಹುಡುಗನ ಕಣ್ಣಿನ ಎತ್ತರಕ್ಕೆ ಅಂಟಿಸಿ.