ನಾಯಿಯ ಚಿಗಟ ಹೋಗಬೇಕಾದರೆ ನೆಲದ ಪರಸಿ ಕಲ್ಲಿನ ಸಂದು ತೊಳೆಯಿರಿ

ಮೃಗಶಿರಾ ಮಳೆ ಬಿದ್ದು ನೆಲ ತಣಿದ ಎರಡು ಮೂರು ವಾರಗಳಲ್ಲಿ, ಕಲಬುರಗಿಯಲ್ಲಿ ನಾಯಿ ಸಾಕಿದವರ ಮನೆಗಳಿಂದ ಒಂದೇ ಬಗೆಯ ದೂರು ಕೇಳಿಬರುತ್ತದೆ: ಔಷಧ ಹಾಕಿಸಿದೆವು, ಎಂಟು ದಿನ ಒಂದೂ ಚಿಗಟ ಕಾಣಲಿಲ್ಲ, ಈಗ ಮತ್ತೆ ಮೊದಲಿನಷ್ಟೇ ಆಗಿವೆ. ಇಂಥವರ ಮನೆಗೆ ಹೋಗಿ ನೋಡಿದಾಗಲೆಲ್ಲ ನನಗೆ ಕಂಡದ್ದು ಮಿರಮಿರ ಮಿಂಚುವ ನಾಯಿ ಮತ್ತು ಅದು ಮಲಗುವ ಮೂಲೆಯಲ್ಲಿ ಆರು ತಿಂಗಳಿಂದ ಒಗೆಯದ ಗೋಣಿ ಚೀಲ.

ಮೊದಲು ಅದು ಚಿಗಟವೇ ಎಂದು ಖಚಿತಪಡಿಸಿಕೊಳ್ಳಬೇಕು. ಚರ್ಮಕ್ಕೆ ಕಚ್ಚಿಕೊಂಡು ಹುರುಳಿ ಕಾಳಿನಂತೆ ಉಬ್ಬುವುದು ಉಣ್ಣಿ. ಕೂದಲಿನ ನಡುವೆ ಓಡಿ, ಬೆರಳು ಇಟ್ಟೊಡನೆ ಜಿಗಿಯುವುದು ಚಿಗಟ. ನಾಯಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ನಿಲ್ಲಿಸಿ, ಬಾಲದ ಬುಡದ ಕೂದಲನ್ನು ಹೇನು ತೆಗೆಯುವ ಹಣಿಗೆಯಿಂದ ಬಾಚಿದರೆ ಕರಿಯ ಪುಡಿ ಉದುರುತ್ತದೆ. ಆ ಪುಡಿ ಬಟ್ಟೆಯ ತೇವಕ್ಕೆ ಕೆಂಪಾಗಿ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ನಾಯಿಯದೇ ರಕ್ತ.

ಸ್ನಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಯಿಗಳಿಗೆಂದೇ ಮಾಡಿದ ಶಾಂಪೂ ಹಚ್ಚಿ, ಕುತ್ತಿಗೆಯಿಂದ ಆರಂಭಿಸಿ ಕೆಳಕ್ಕೆ ತೊಳೆಯಿರಿ; ಇಲ್ಲವಾದರೆ ಚಿಗಟಗಳು ಕಿವಿಯತ್ತ ಓಡುತ್ತವೆ.

ಮೂರನೆಯದು ಔಷಧ. ಫಿಪ್ರೊನಿಲ್ ಹನಿಗಳನ್ನು ಹಾಕುವುದಾದರೆ ಸ್ನಾನವಾಗಿ ಎರಡು ದಿನ ಕಳೆದಿರಬೇಕು, ಹಾಕಿದ ಮೇಲೆಯೂ ಎರಡು ದಿನ ನೀರು ಸೋಕಿಸಬಾರದು. ಹೆಗಲಿನ ಎರಡು ಮೂಳೆಗಳ ನಡುವೆ, ನಾಲಿಗೆ ತಲುಪದ ಜಾಗದಲ್ಲಿ ಕೂದಲನ್ನು ಸೀಳಿ, ಚರ್ಮ ಕಾಣಿಸಿದ ಮೇಲೆ ಹನಿ ಬಿಡಬೇಕು. ಮೊದಲ ವರ್ಷ ನಾನೇ ಅವಸರದಲ್ಲಿ ಕೂದಲಿನ ಮೇಲೆ ಸುರಿದು, ದುಡ್ಡು ಕೊಟ್ಟ ಔಷಧವನ್ನು ಗೋಡೆಗೆ ಒರೆಸಿಕೊಳ್ಳಲು ನಾಯಿಗೆ ಬಿಟ್ಟಿದ್ದೆ. ಮೆಥೊಪ್ರೀನ್ ಕೂಡ ಸೇರಿದ ಹನಿಗಳು ಮೊಟ್ಟೆ ಬೆಳೆಯದಂತೆ ತಡೆಯುವುದರಿಂದ, ಬೆಲೆ ಹೆಚ್ಚಾದರೂ ಅವನ್ನೇ ಕೊಳ್ಳಿ. ನಾಯಿಯ ತೂಕ ಹೇಳಿ ಪಶುವೈದ್ಯರಿಂದಲೇ ಬರೆಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಗೆ ಹಣಿಗೆಯೊಂದೇ ಸಾಕು. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಯಾವುದನ್ನೂ ತರಬೇಡಿ, ಅದು ಬೆಕ್ಕಿಗೆ ಪ್ರಾಣಾಂತಕ ವಿಷ.

ಇಲ್ಲಿ ಒಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ತೊಗರಿಗೆ ಹೊಡೆಯಲು ತಂದು ಉಳಿದ ಕೀಟನಾಶಕ ಎಣ್ಣೆಯನ್ನು ನೀರಿಗೆ ಬೆರೆಸಿ ನಾಯಿಗೆ ಸವರುವುದು ನಮ್ಮ ಭಾಗದಲ್ಲಿ ನಡೆದೇ ಇದೆ. ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್‌ನಂಥವು ಚರ್ಮದ ಮೂಲಕವೂ ಒಳಗಿಳಿಯುತ್ತವೆ, ಮೈ ನೆಕ್ಕಿದರೆ ಹೊಟ್ಟೆಗೂ ಹೋಗುತ್ತವೆ. ನಾಯಿ ಜೊಲ್ಲು ಸುರಿಸುತ್ತ, ನಡುಗುತ್ತ ಸಾಯಬಹುದು. ಸೀಮೆಎಣ್ಣೆ, ಫಿನೈಲು ಚರ್ಮವನ್ನು ಸುಡುತ್ತವೆ. ಬೆಳ್ಳುಳ್ಳಿ ತಿನ್ನಿಸಿದರೆ ಚಿಗಟ ಬಿಡುತ್ತದೆಂಬುದು ಸುಳ್ಳು, ಅದು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಇನ್ನು ಎಲ್ಲರೂ ಎಡವುವ ಹಂತ, ಮನೆ. ಹೆಣ್ಣು ಚಿಗಟವು ರಕ್ತ ಹೀರಿದ ಒಂದೆರಡು ದಿನಗಳಲ್ಲೇ ಮೊಟ್ಟೆ ಇಡಲು ತೊಡಗಿ, ದಿನಕ್ಕೆ 40ರಿಂದ 50ರವರೆಗೂ ಇಡಬಲ್ಲದು. ಮೊಟ್ಟೆ ನುಣುಪಾಗಿರುವುದರಿಂದ ಕೂದಲಿಗೆ ಅಂಟದೆ, ನಾಯಿ ಎಲ್ಲಿ ಮೈ ಕೊಡವುತ್ತದೆಯೋ ಅಲ್ಲಿ ಉದುರುತ್ತದೆ. ಎರಡರಿಂದ ಹತ್ತು ದಿನಗಳಲ್ಲಿ ಹೊರಬರುವ ಹುಳು ಬೆಳಕಿಗೆ ಹೆದರಿ ಸಂದುಗಳಿಗೆ ಇಳಿದು, ಮೇಲಿನಿಂದ ಉದುರುವ ಆ ಕರಿಯ ಪುಡಿಯನ್ನೇ ತಿಂದು ಬೆಳೆಯುತ್ತದೆ. ನಮ್ಮ ಹಳೆಯ ಮನೆಗಳ ಶಹಾಬಾದ್ ಪರಸಿಗಳ ನಡುವೆ ಗಾರೆ ಉದುರಿ ಉಳಿದ ಸಂದು ಇದಕ್ಕೆ ಹೇಳಿ ಮಾಡಿಸಿದ ಮನೆ: ಹೊರಗೆ ಬಿಸಿಲು 42 ಡಿಗ್ರಿ ಇದ್ದರೂ ಅಲ್ಲಿ ತಂಪು, ಕತ್ತಲೆ, ಧೂಳು. ಕಸಬರಿಗೆ ಮೇಲೆ ಮೇಲೆ ಆಡಿಸಿದರೆ ಅದಕ್ಕೆ ಏನೂ ಆಗುವುದಿಲ್ಲ.

ಹಾಸಿಗೆಯ ಗೋಣಿ ಚೀಲವನ್ನು ಸುಟ್ಟುಬಿಡಿ. ಒಗೆದು ಇಟ್ಟುಕೊಳ್ಳುವಷ್ಟು ಬೆಲೆಯ ವಸ್ತು ಅದಲ್ಲ. ನಾಯಿ ಮಲಗಿದ ಕೌದಿಯನ್ನು ಕುದಿಯುವ ನೀರಿನಲ್ಲಿ ನೆನೆಸಿ ಒಗೆದು, ಮಾಳಿಗೆಯ ಮೇಲೆ ಇಡೀ ದಿನ ಬಿಸಿಲಿಗೆ ಹಾಕಿ, ಮಧ್ಯಾಹ್ನ ಒಮ್ಮೆ ಮಗುಚಬೇಕು. ಬಳಿಕ ನಾಯಿ ಓಡಾಡುವ ಕೋಣೆಯ ಪ್ರತಿ ಸಂದನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿ, ಬಂದ ಧೂಳನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಹೊರಗೆ ಹಾಕಿದ ಮೇಲೆ, ಕೆಟಲಿನ ಮೂತಿಯಿಂದ ಕುದಿಯುವ ನೀರನ್ನು ಸಂದಿನ ಉದ್ದಕ್ಕೂ ನಿಧಾನವಾಗಿ ಸುರಿಯಬೇಕು. ಮಂಚದ ಕೆಳಗೆ, ಹೊಸ್ತಿಲ ಹಿಂದೆ, ಕಟ್ಟೆಯ ಕೆಳಗಿನ ಮಣ್ಣಿನಲ್ಲಿ ಹೆಚ್ಚು ಇರುತ್ತವೆ. ಒಣಗಿದ ಮೇಲೆ ಸಂದಿಗೆ ಸಿಮೆಂಟ್ ತುಂಬಿಸಿದರೆ ಮುಂದಿನ ಮಳೆಗಾಲದ ಅರ್ಧ ಕೆಲಸ ಮುಗಿದಂತೆ.

ಇಷ್ಟಾದರೂ ಗೂಡು ಕಟ್ಟಿದ ಹುಳುಗಳು ಉಳಿಯುತ್ತವೆ. ಧೂಳು ಮೆತ್ತಿದ ಆ ಗೂಡಿನೊಳಗೆ ಸ್ಪ್ರೇ ಇಳಿಯದು, ಮತ್ತು ಚಿಗಟ ಅದರಲ್ಲಿ ತಿಂಗಳುಗಟ್ಟಲೆ ಕಾದು ಕೂರಬಲ್ಲದು. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರು ತಾಗಿದರೆ ಹೊರಗೆ ಜಿಗಿಯುತ್ತದೆ. ಊರಿಗೆ ಹೋಗಿ ಬಂದು ಬೀಗ ತೆಗೆದ ಗಳಿಗೆಯಲ್ಲೇ ಕಾಲಿಗೆ ಕಚ್ಚುವುದು ಇದೇ ಕಾರಣಕ್ಕೆ. ಎಂಟು ದಿನಗಳ ನಂತರ ಮತ್ತೆ ಕಾಣಿಸುವವು ಹೀಗೆ ಹೊಸದಾಗಿ ಹೊರಬಂದವು, ಔಷಧಕ್ಕೆ ಸಾಯದೆ ಉಳಿದವಲ್ಲ. ಆದ್ದರಿಂದ ಸಂದು ಕೆದಕುವ ಕೆಲಸವನ್ನು ನಾಲ್ಕು ವಾರ ಬಿಡದೆ, ವಾರಕ್ಕೆ ಎರಡು ಬಾರಿ ಮಾಡಬೇಕು. ಹನಿಯನ್ನು ತಿಂಗಳಿಗೊಮ್ಮೆ ಮೂರು ತಿಂಗಳು, ಮನೆಯ ಎಲ್ಲ ನಾಯಿಗಳಿಗೂ ಒಂದೇ ದಿನ ಹಾಕಬೇಕು.

ಈ ನಡುವೆ ನಾಯಿಯ ಹಿಂಭಾಗದಲ್ಲಿ ಸವತೆ ಬೀಜದಂಥ ಬಿಳಿಯ ತುಣುಕು ಕಂಡರೆ, ಅದು ಚಿಗಟ ನುಂಗಿದ್ದರಿಂದ ಬಂದ ಲಾಡಿಹುಳು. ಅದಕ್ಕೆ ಪಶುವೈದ್ಯರು ಪ್ರಾಜಿಕ್ವಾಂಟೆಲ್ ಗುಳಿಗೆ ಕೊಡುತ್ತಾರೆ. ಚಿಗಟ ಇರುವಾಗ ಕೊಟ್ಟದ್ದು ಹೆಚ್ಚು ದಿನ ನಿಲ್ಲದ ಕಾರಣ, ಮನೆ ಹಸನಾದ ಮೇಲೆ ಇನ್ನೊಮ್ಮೆ ತೂಕ ನೋಡಿಸಿ ಕೊಡಿಸಿ.